ನಮ್ಮ ಮನೆಯ ಅರಳೆ ಕೆಮ್ಮು

ನನಗೆ ಕ್ಷಯ ಬಂದಿತ್ತು, ಈಗ ಇಲ್ಲ. ಈ ಎರಡು ಮಾತುಗಳ ನಡುವೆ ಹನ್ನೊಂದು ತಿಂಗಳು ಕಳೆದವು. ಮೊದಲ ಐದು ತಿಂಗಳು ಯಾರೂ ಅದರ ಹೆಸರು ಹೇಳಲಿಲ್ಲ, ಉಳಿದ ಆರು ತಿಂಗಳು ನಾನು ಮಾತ್ರೆ ನುಂಗಿದೆ. ಮಾತ್ರೆಗಳ ಮೇಲೆ ನನಗೆ ಯಾವ ದೂರೂ ಇಲ್ಲ; ಅವು ತಮ್ಮ ಕೆಲಸ ಮಾಡಿದವು. ಹೆಸರಿಲ್ಲದೆ ಕಳೆದ ಆ ಐದು ತಿಂಗಳಿಗೆ ಯಾರು ಉತ್ತರ ಕೊಡಬೇಕು ಎಂದು ಕೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಓದುವವರಲ್ಲಿ ಯಾರಾದರೂ ಈಗಷ್ಟೇ ಕರವಸ್ತ್ರದೊಳಗೆ ಕೆಮ್ಮಿ, ಯಾರಿಗೂ ಕಾಣದಂತೆ ಅದನ್ನು ಮಡಚಿ ಇಟ್ಟುಕೊಂಡಿದ್ದರೆ, ಅವರಿಗಾಗಿಯೂ ಬರೆಯುತ್ತಿದ್ದೇನೆ.

ನಾವು ನದಾಫರು. ಗದಗಿನಲ್ಲಿ ತಲೆಮಾರುಗಳಿಂದ ಅರಳೆ ಹಿಂಜಿ ಗಾದಿ ಹೊಲಿದ ಮನೆತನ. ನಾನು ಹತ್ತನೆಯ ತರಗತಿ ಮುಗಿಸಿದ ವರ್ಷ ಅಪ್ಪ ನ್ಯೂಜಿಲೆಂಡಿಗೆ ಬಂದು ವೆಲ್ಲಿಂಗ್ಟನ್ನಿನಲ್ಲಿ ಬಸ್ ಓಡಿಸುವ ಕೆಲಸಕ್ಕೆ ಸೇರಿದ. ಹಿಂದೆಯೇ ಅವ್ವನೂ ನಾನೂ ಬಂದೆವು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಅವ್ವ ವೆಲ್ಲಿಂಗ್ಟನ್ನಿನ ಪಕ್ಕದ ಊರು ಪೊರಿರುವಾದ ಒಂದು ಅಂಗಡಿಗೆ ಪರದೆ ಹೊಲಿದುಕೊಡುತ್ತಾಳೆ. ನಾನು ಡನೀಡಿನ್ನಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ ಬಂದು ಅವಳೊಂದಿಗೇ ಇದ್ದೇನೆ. ರೈಲು ಹತ್ತಿ ವೆಲ್ಲಿಂಗ್ಟನ್ನಿಗೆ ಹೋಗಿ ಹಳೆಯ ದಾಖಲೆಗಳನ್ನು ಪಟ್ಟಿ ಮಾಡುವ ಕೆಲಸ ಮಾಡುತ್ತೇನೆ. ಉಳಿದ ಹೊತ್ತಿನಲ್ಲಿ ಕನ್ನಡದಲ್ಲಿ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಮಾತ್ರಾ ದ್ವೀಪವನ್ನು ಹಿಡಿದ ಜಪಾನಿ ಸೈನ್ಯ ಅಲ್ಲಿದ್ದ ಡಚ್ ಹೆಂಗಸರನ್ನೂ ಮಕ್ಕಳನ್ನೂ ಶಿಬಿರಗಳಲ್ಲಿ ಕೂಡಿಹಾಕಿತ್ತು. ಅಂಥ ಒಂದು ಶಿಬಿರದ ಒಂದೇ ಗುಡಿಸಲಿನಲ್ಲಿ ಬದುಕಿ ಉಳಿದ ಹೆಂಗಸರು ನನ್ನ ಕಾದಂಬರಿಯಲ್ಲಿದ್ದಾರೆ.

ಆ ಶಿಬಿರವನ್ನು ಕಂಡವರು ನನಗೆ ಪುಸ್ತಕದಲ್ಲಿ ಸಿಗಲಿಲ್ಲ, ಪೊರಿರುವಾದ ಗ್ರಂಥಾಲಯದಲ್ಲಿ ಸಿಕ್ಕರು. ಅವರೇ ಡಚ್ ಮೂಲದ ಗ್ರೀತ್ ಆಂಟಿ, ಈಗ ಎಂಬತ್ತೆಂಟು ವರ್ಷ. ಶಿಬಿರಕ್ಕೆ ಹೋದಾಗ ಐದು ವರ್ಷ, ಹೊರಬಂದಾಗ ಎಂಟು. ಯುದ್ಧ ಮುಗಿದ ಮೇಲೆ ತಾಯಿಯೊಂದಿಗೆ ಈ ದೇಶಕ್ಕೆ ಬಂದು ಶಾಲೆಯಲ್ಲಿ ಗಣಿತ ಕಲಿಸಿದವರು. ಪ್ರತಿ ಗುರುವಾರ ಮಧ್ಯಾಹ್ನ ಅವರ ಮನೆಯ ಪುಟ್ಟ ಕೋಣೆಯಲ್ಲಿ ನಮ್ಮ ಓದು ನಡೆಯುತ್ತಿತ್ತು. ಬರೆದ ಭಾಗವನ್ನು ನಾನು ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಓದಬೇಕು, ಆಮೇಲೆ ಇಂಗ್ಲಿಷಿನಲ್ಲಿ ಹೇಳಬೇಕು.

"ಅರ್ಥವಾಗದ ಭಾಷೆಯಲ್ಲಿ ಕೇಳಿ ಏನು ಮಾಡ್ತೀರಿ?" ಎಂದು ಒಮ್ಮೆ ಕೇಳಿದ್ದೆ.

"ನೀನು ಎಲ್ಲಿ ದನಿ ಏರಿಸ್ತೀಯೋ ಅಲ್ಲಿ ಗುರುತು ಹಾಕ್ಕೋತೀನಿ," ಎಂದಿದ್ದರು. "ಆಮೇಲೆ ನೋಡಿದರೆ ಅಲ್ಲೇ ಸುಳ್ಳಿರುತ್ತೆ."

ಮೇ ತಿಂಗಳಲ್ಲಿ ಚಳಿ ಶುರುವಾಯಿತು, ಜೊತೆಗೆ ನನ್ನ ಕೆಮ್ಮೂ ಶುರುವಾಯಿತು. ಕಿಟಕಿಗಳನ್ನೆಲ್ಲ ಮುಚ್ಚಿ, ಹೀಟರ್ ಹಚ್ಚಿ, ಎದುರುಬದುರು ಕುಳಿತು ನಾನು ಓದುತ್ತಿದ್ದೆ, ಕೆಮ್ಮುತ್ತಿದ್ದೆ, ಮತ್ತೆ ಓದುತ್ತಿದ್ದೆ. ಆಗ ಬರೆಯುತ್ತಿದ್ದುದು ಬೆಳಗಿನ ಹಾಜರಿಯ ಅಧ್ಯಾಯ. ಗುಡಿಸಲಿನ ಒಬ್ಬಳಿಗೆ ವಿಪರೀತ ಜ್ವರ, ಕೆಮ್ಮು. ಗೊತ್ತಾದರೆ ಕಾವಲುಗಾರರು ಅವಳನ್ನು ರೋಗಿಗಳ ಗುಡಿಸಲಿಗೆ ಸಾಗಿಸುತ್ತಾರೆ. ಅಲ್ಲಿಂದ ಯಾರೂ ಮರಳಿಲ್ಲ. ಉಳಿದ ಹೆಂಗಸರು ಅವಳ ತೋಳುಗಳನ್ನು ಎರಡೂ ಕಡೆಯಿಂದ ಹಿಡಿದು ಸಾಲಿನಲ್ಲಿ ನಿಲ್ಲಿಸಿ, ಅವಳಿಗೆ ಏನೂ ಆಗಿಲ್ಲವೆಂದು ತೋರಿಸುತ್ತಾರೆ. ಹೆಣ್ಣುಮಕ್ಕಳ ಒಗ್ಗಟ್ಟಿನ ಇಂಥ ಗೆಲುವನ್ನು ಯಾವ ಇತಿಹಾಸಕಾರನೂ ದಾಖಲಿಸಲಿಲ್ಲವೆಂಬ ಸಿಟ್ಟಿನಲ್ಲಿ ನಾನು ಆ ಪುಟಗಳನ್ನು ಬರೆದೆ. ಓದಿ ಮುಗಿಸಿದಾಗ ಗ್ರೀತ್ ಆಂಟಿ, "ಈ ಕೆಮ್ಮಿಗೆ ಏನಾದರೂ ಮಾಡು, ಡಿಯರ್," ಎಂದಷ್ಟೇ ಹೇಳಿದರು.

ಮಾಡದೆ ಬಿಡಲಿಲ್ಲ. ಮೂರು ಸಲ ಕ್ಲಿನಿಕ್ಕಿಗೆ ಹೋದೆ. ಮೊದಲ ಸಲ ವೈದ್ಯೆ ನಮ್ಮ ಮನೆಯ ಬಗ್ಗೆ ಕೇಳಿದರು. ಗೋಡೆಗೆ ತೇವ ಹಿಡಿದಿದೆ ಎಂದೆ. ಈ ಊರಲ್ಲಿ ಎಲ್ಲರ ಮನೆಯೂ ಹಾಗೇ ಎಂದು ನಕ್ಕು ಇನ್ಹೇಲರ್ ಬರೆದುಕೊಟ್ಟರು. ಎರಡನೆಯ ಸಲ ಅವ್ವ ಜೊತೆಗಿದ್ದಳು. ನಾನು ಆರು ಕಿಲೋ ಇಳಿದಿದ್ದೆ; ರಂಜಾನಿನ ರೋಜಾ ಉಪವಾಸ ಮುಗಿದು ಎರಡು ತಿಂಗಳಾಗಿದ್ದರೂ ಅವ್ವ ಅದನ್ನೇ ಕಾರಣವೆನ್ನುತ್ತಿದ್ದಳು. ವೈದ್ಯೆ ಕುಟುಂಬದ ವಿವರ ಕೇಳುತ್ತ, "ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇತ್ತೇ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ, "ನೋ, ನೋ, ಡಾಕ್ಟರ್. ಆಲ್ ಹೆಲ್ದಿ," ಎಂದಳು. ನಾನೂ ಅದನ್ನು ನಿಜವೆಂದೇ ನಂಬಿದ್ದೆ. ವೈದ್ಯೆ ಬೆರಳಚ್ಚಿಸಿದರು. ಹಾಗಿದ್ದರೂ ಒಂದು ಎಕ್ಸ್-ರೇ ಆಗಲಿ, ಆಸ್ಪತ್ರೆಯವರೇ ನಿಮಗೆ ಫೋನ್ ಮಾಡುತ್ತಾರೆ ಎಂದರು.

ಯಾರೂ ಫೋನ್ ಮಾಡಲಿಲ್ಲ. ನಾನು ಕಾದೆ. ಮೂರನೆಯ ಸಲ ಬೇರೊಬ್ಬ ವೈದ್ಯರಿದ್ದರು. ಕಂಪ್ಯೂಟರ್ ಪರದೆ ನೋಡಿ, "ಎಕ್ಸ್-ರೇಗೆ ಬರೆದಿದೆಯಲ್ಲ. ಏನಾದರೂ ಕಂಡಿದ್ದರೆ ತಿಳಿಸುತ್ತಿದ್ದರು," ಎಂದರು. ತೆಗೆದೇ ಇಲ್ಲವೆಂದೆ. ವಿಚಾರಿಸುತ್ತೇವೆ ಎಂದು ಆಂಟಿಬಯಾಟಿಕ್ ಬರೆದುಕೊಟ್ಟು, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಯುದ್ಧಕಾಲದ ಶಿಬಿರಗಳ ಬಗ್ಗೆ ಕಾದಂಬರಿ ಎಂದಾಗ ಅವರ ಮುಖದಲ್ಲಿ ಉತ್ತರ ಸಿಕ್ಕಿದ ಸಮಾಧಾನ ಮೂಡಿತು. ಅಷ್ಟು ಭಾರದ ವಿಷಯ ತಲೆಯಲ್ಲಿ ಹೊತ್ತರೆ ಮೈ ಇಳಿಯುವುದು ಸಹಜವಂತೆ. ಒಂದು ವಿಶ್ವವಿದ್ಯಾಲಯವನ್ನೇ ಪ್ರಶ್ನೆ ಕೇಳಿ ಸುಸ್ತು ಮಾಡಿದವಳು ನಾನು. ಅಂದು "ಆಲ್ ಗುಡ್" ಎಂದು ಹೇಳಿ ಎದ್ದು ಬಂದೆ. ಅದು ನನ್ನ ಪಾಲಿನ ತಪ್ಪು, ಇಲ್ಲೇ ಬರೆದುಬಿಡುತ್ತೇನೆ.

ಅಕ್ಟೋಬರಿನಲ್ಲಿ ಕಚೇರಿಯ ಕೈತೊಳೆಯುವ ಬೇಸಿನ್ನಿನಲ್ಲಿ ರಕ್ತ ಕಂಡಿತು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಂದೇ ಗಂಟೆಯಲ್ಲಿ ಎಕ್ಸ್-ರೇ ಆಯಿತು. ಐದು ತಿಂಗಳು ಆಗದ ಎಕ್ಸ್-ರೇ. ಚಿತ್ರ ತೆಗೆದ ಹುಡುಗಿ ಅಲ್ಲಿಯವರೆಗೆ ಶನಿವಾರದ ಗಾಳಿಮಳೆಯ ಬಗ್ಗೆ ಹರಟುತ್ತಿದ್ದವಳು ಒಮ್ಮೆಲೇ ಬಹಳ ವಿನಯದಿಂದ ಮಾತಾಡತೊಡಗಿದಳು. ನನಗೆ ಮಾಸ್ಕ್ ಕೊಟ್ಟು, ಎಲ್ಲರೂ ಕಾಯುವ ಕೋಣೆಯಿಂದ ಎಬ್ಬಿಸಿ, ಬಾಗಿಲಿರುವ ಒಂಟಿ ಕೋಣೆಗೆ ಕರೆದೊಯ್ದರು. ಆ ಬಾಗಿಲಿನ ಗಾಜಿನಾಚೆ ಓಡಾಡುವವರು ಯಾರೂ ಒಳಗೆ ನೋಡುತ್ತಿರಲಿಲ್ಲ. ಭಯವೆಂದರೆ ನನಗೆ ಈಗಲೂ ನೆನಪಾಗುವುದು ರಕ್ತವಲ್ಲ. ತುಸು ಬೇಗನೆ ತಿರುಗಿಕೊಳ್ಳುತ್ತಿದ್ದ ಆ ತಲೆಗಳು.

ಮೊದಲು ಒಳಗೆ ಬಂದು ಹತ್ತಿರ ಕುಳಿತವಳು ಸಾರ್ವಜನಿಕ ಆರೋಗ್ಯ ಇಲಾಖೆಯ ನರ್ಸ್ ಸಿನಾ, ಸಮೋವಾ ಮೂಲದ ದೊಡ್ಡ ನಗೆಯ ಹೆಂಗಸು. ರೋಗದ ಹೆಸರನ್ನು ದನಿ ತಗ್ಗಿಸದೆ ಹೇಳಿದಳು. "ಇದು ವಾಸಿಯಾಗುತ್ತೆ. ಮಾತ್ರೆ ತಗೊಂಡ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಕಿರುಚಬೇಡ, ನನಗೆ ಫೋನ್ ಮಾಡಿ ಶುಭಾಶಯ ಹೇಳು," ಎಂದಳು. ಆಮೇಲೆ ಕಾಗದ ಕೊಟ್ಟಳು. ಐದು ತಿಂಗಳಲ್ಲಿ ಮುಚ್ಚಿದ ಕೋಣೆಯಲ್ಲಿ ಯಾರ ಯಾರ ಜೊತೆ ಗಂಟೆಗಟ್ಟಲೆ ಕುಳಿತಿದ್ದೆ, ಹೆಸರು ಬರಿ ಎಂದಳು.

ಅವ್ವನ ಹೆಸರು ಬರೆದೆ. ಕಚೇರಿಯ ಇಬ್ಬರ ಹೆಸರು ಬರೆದೆ. ಮುಂದಿನ ಹೆಸರಿಗೆ ಪೆನ್ನು ನಿಂತಿತು. ಮೂರು ವರ್ಷ ಶಿಬಿರದ ಹಸಿವನ್ನು ದಾಟಿ ಬಂದವರ ಮುಖಕ್ಕೆ ನಾನು ಇಪ್ಪತ್ತು ಗುರುವಾರ ಕೆಮ್ಮಿದ್ದೆ.

"ಆ ಹೆಸರಿನವರಿಗೆ ನಾನು ಹೇಳ್ತೀನಿ," ಎಂದಳು ಸಿನಾ. "ನೀನು ಯಾರೆಂದು ಹೇಳೋದಿಲ್ಲ. ಅದು ನಿಯಮ."

"ಬೇಡ," ಎಂದೆ. "ನಾನೇ ಹೇಳ್ತೀನಿ."

ಎರಡು ವಾರ ನಾನು ಮನೆಯ ನನ್ನ ಕೋಣೆಯಲ್ಲೇ ಇರಬೇಕಿತ್ತು. ಅವ್ವ ಬಾಗಿಲ ಹೊರಗೆ ಕುರ್ಚಿಯ ಮೇಲೆ ತಾಟು ಇಟ್ಟು, ದೂರ ಸರಿದು, ನಾನು ಒಳಗೆ ತೆಗೆದುಕೊಳ್ಳುವವರೆಗೆ ನಿಂತಿರುತ್ತಿದ್ದಳು. ಸಿನಾ ದಿನವೂ ಬಂದು ಮಾತ್ರೆ ನುಂಗಿಸುತ್ತಿದ್ದಳು. ಒಂದು ದಿನ ಅವಳು ಹೊರಗಿನ ಕೋಣೆಯಲ್ಲಿ ಅವ್ವನನ್ನು ಕೂರಿಸಿಕೊಂಡು ಅದೇ ಹಳೆಯ ಪ್ರಶ್ನೆ ಕೇಳಿದಳು, ಈ ಮನೆತನದಲ್ಲಿ ಹಿಂದೆ ಯಾರಿಗಾದರೂ? ಅವ್ವ ಉತ್ತರಿಸಲಿಲ್ಲ. ಸಿನಾ ಹೊರಟುಹೋದ ಮೇಲೆ ನನ್ನ ಬಾಗಿಲ ಬಳಿ ಬಂದು ನಿಂತಳು.

"ಶಾಹೀನಾ. ಮಾಬವ್ವಗ ಇತ್ತು."

ಮಾಬವ್ವ ನನ್ನ ಚಿಗವ್ವ, ಅವ್ವನ ತಂಗಿ. ಗದಗಿನಲ್ಲಿ ನಾನು ಅವಳ ಹಾಸಿಗೆಯಲ್ಲೇ ಮಲಗಿ ಬೆಳೆದವಳು.

"ಚಿಗವ್ವಂದು ಅರಳಿ ಕೆಮ್ಮಲ್ಲೇನು?"

"ಅರಳಿ ಹಿಂಜೂ ಮನಿಯಾಗ ಕೆಮ್ಮಿದ್ರ ಯಾರು ಕೇಳ್ತಾರ? ಅದಕ್ಕ ಅರಳಿ ಕೆಮ್ಮು ಅಂದ್ವಿ. ಅಕಿ ಲಗ್ನ ಗೊತ್ತಾಗಿತ್ತು. ಟಿ.ಬಿ. ಅಂದಿದ್ರ ಬೀಗರು ಬಾಗಲಕ್ಕ ಬರ್ತಿದ್ರೇನು?"

"ಮತ್ತ ಅಕಿ ನುಂಗತಿದ್ದ ಕೆಂಪು ಗುಳಿಗಿ?"

"ಅವಽ ಇವು. ನಿನಗ ಶಕ್ತಿ ಗುಳಿಗಿ ಅಂತ ಹೇಳಿದ್ವಿ."

ಐದಾರು ವರ್ಷದ ನನಗೆ ಆ ಗುಳಿಗೆಗಳ ಬಣ್ಣ ಆಸೆ ಹುಟ್ಟಿಸುತ್ತಿತ್ತು. ಈಗ ಅವೇ ನನ್ನ ಮೇಜಿನ ಮೇಲಿದ್ದವು.

"ಡಾಕ್ಟರ್ ಮುಂದ ಯಾಕ ಸುಳ್ಳು ಹೇಳಿದಿ, ಅವ್ವಾ? ಅಕಿ ಕೇಳಿದ್ಲಲ್ಲ. ನೇರಾ ಕೇಳಿದ್ಲು."

"ಬರೂಮುಂದ ವೀಸಾಕ್ಕ ಎದಿ ಚಿತ್ರಾ ತಗಿಸ್ಯಾರ, ನೆನಪೈತಿಲ್ಲ? ಈಗ ಹೌದು ಅಂದ್ರ ವಾಪಸ್ ಕಳಸ್ತಾರ ಅಂತ ಅಂದ್ಕೊಂಡೆ. ಮ್ಯಾಲ ನಿಂದೂ ಲಗ್ನ ಆಗಬೇಕಲ್ಲ."

"ನನಗ ಲಗ್ನದ ಚಿಂತಿ ಇಲ್ಲ! ನಾವು ಇಲ್ಲಿ ಕಾಯಂ ಇದ್ದೀವಿ, ಯಾರೂ ಕಳಸೂದಿಲ್ಲ! ನಿನ್ನ ಒಂದು ಮಾತಿಗೆ ನನ್ನ ಎದಿ ತೂತಾತು. ಆ ಮುದುಕಿಗೆ ಏನಾರ ಆದ್ರ ಯಾರು ಉತ್ತರ ಕೊಡವ್ರು?"

ಬಾಗಿಲಾಚೆ ತಾಟನ್ನು ಕುರ್ಚಿಯ ಮೇಲಿಟ್ಟ ಸದ್ದಾಯಿತು. ಆಮೇಲೆ ಅವ್ವ ತನ್ನ ಎಂದಿನ ದನಿಯಲ್ಲಿ, "ಜಗತ್ತಿನ ಹೆಂಗಸರ ಸಂಕಟಾ ಎಲ್ಲಾ ತಿಳದಾಕಿ ನೀನು. ಬೈಯಾಕ ನಿಮ್ಮವ್ವ ಒಬ್ಬಾಕೀನಽ ಸಿಕ್ಳು. ಅನ್ನ ಆರ್ತೈತಿ, ತಗೋ," ಎಂದು ಹೋದಳು.

ಮರುದಿನ ಸಿನಾ ಬಂದಾಗ ಚಿಗವ್ವನ ರೋಗದ ವಿಷಯ ನಾನೇ ಹೇಳಿ ಬರೆಸಿದೆ. ಗ್ರೀತ್ ಆಂಟಿಗೆ ಫೋನಿನಲ್ಲೇ ಹೇಳಿದೆ. ರೋಗದ ಹೆಸರು, ಅವರು ಮಾಡಿಸಬೇಕಾದ ಪರೀಕ್ಷೆ, ಕ್ಷಮೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ. ಅವರು ಕೇಳಿಸಿಕೊಂಡು, "ಈಗ ದನಿ ಏರಿಸಲಿಲ್ಲ ನೀನು. ಒಳ್ಳೆಯದು," ಎಂದರು. ಪರೀಕ್ಷೆಗೆ ಯಾವ ದಿನ ಬರಬೇಕು ಎಂದು ವಿಚಾರಿಸಿ ಬರೆದುಕೊಂಡರು.

ಅವರ ರಕ್ತಪರೀಕ್ಷೆಯಲ್ಲಿ ಸೋಂಕು ಕಂಡಿತು. ಅವ್ವನದರಲ್ಲೂ ಕಂಡಿತು. ಇಬ್ಬರ ಎಕ್ಸ್-ರೇಯೂ ಸ್ವಚ್ಛವಾಗಿತ್ತು. ರೋಗಾಣು ಮೈಯೊಳಗೆ ನಿದ್ದೆಯಲ್ಲಿದೆ ಎಂದು ಸಿನಾ ವಿವರಿಸಿದಳು. ಅವ್ವನಿಗೆ ಅದು ಏಳದಂತೆ ಮಾತ್ರೆ ಶುರುವಾಯಿತು. ಗ್ರೀತ್ ಆಂಟಿಯ ವಯಸ್ಸಿಗೆ ಆ ಮಾತ್ರೆ ಯಕೃತ್ತಿಗೆ ಕೆಡುಕು ಮಾಡಬಹುದು, ಆದ್ದರಿಂದ ಆಗಾಗ ಎಕ್ಸ್-ರೇ ತೆಗೆದು ಕಾದು ನೋಡುವುದೆಂದು ತಜ್ಞರು ಹೇಳಿದರು.

"ನನ್ನಿಂದಲೇ ಬಂದದ್ದಾ?" ಎಂದು ಸಿನಾಳನ್ನು ಕೇಳಿದೆ.

"ಆ ಪರೀಕ್ಷೆ ಅದನ್ನು ಹೇಳೋದಿಲ್ಲ, ಸ್ವೀಟೀ. ಬಂದಿದೆ ಅಂತ ಹೇಳುತ್ತೆ. ಯಾವಾಗ, ಯಾರಿಂದ ಅಂತ ಹೇಳೋದಿಲ್ಲ."

ಇನ್ನು ಹೊರಗೆ ಹೋಗಬಹುದು ಎಂದು ಸಿನಾ ಹೇಳಿದ ದಿನ ನೇರವಾಗಿ ಗ್ರೀತ್ ಆಂಟಿಯ ಮನೆಗೆ ನಡೆದೆ. ಕಿಟಕಿಗಳನ್ನೆಲ್ಲ ತೆರೆದಿಟ್ಟುಕೊಂಡು, ಕೋಟು ಹಾಕಿಕೊಂಡು ಕುಳಿತಿದ್ದರು. ಪೊರಿರುವಾದ ಗಾಳಿ ನನ್ನ ಹಾಳೆಗಳನ್ನು ನೆಲಕ್ಕೆ ಬೀಳಿಸಿತು. ಅಂದು ನಾನು ಓದಲಿಲ್ಲ, ಅವರೇ ಹೇಳಿದರು.

"ನಿನ್ನ ಹಾಜರಿಯ ಅಧ್ಯಾಯ. ಅಂಥ ಹೆಂಗಸು ನಮ್ಮ ಗುಡಿಸಲಿನಲ್ಲೂ ಇದ್ದಳು, ನನ್ನ ಪಕ್ಕದ ಚಾಪೆ. ನಮ್ಮಮ್ಮ ಅವಳ ಎಡತೋಳು ಹಿಡಿಯುತ್ತಿದ್ದಳು. ಅವಳಿಗೆ ಏನಾಗಿದೆ ಅಂತ ಕೇಳಿದರೆ ಅಡುಗೆಯ ಹೊಗೆ ಅಂತ ಮಕ್ಕಳಿಗೆ ಹೇಳ್ತಿದ್ದರು. ಅವಳು ಹೇಗೂ ಸತ್ತಳು. ಆಮೇಲೆ ನನ್ನ ತಂಗಿ ಕೊರ್ರಿ ಕೆಮ್ಮೋಕೆ ಶುರುಮಾಡಿದಳು. ಮೂರು ವರ್ಷದವಳು. ಬಿಡುಗಡೆಗೆ ಎರಡು ತಿಂಗಳಿರುವಾಗ ತೀರಿಕೊಂಡಳು."

ನಾನು ಬಗ್ಗಿ ನೆಲದ ಮೇಲಿನ ಹಾಳೆಗಳನ್ನು ಆಯ್ದುಕೊಂಡೆ.

"ನನ್ನೊಳಗೆ ಮಲಗಿರೋದು ನಿನ್ನದೋ, ಆ ಹೆಂಗಸಿನದೋ, ಯಾರಿಗೆ ಗೊತ್ತು? ನಮ್ಮಮ್ಮ ಸಾಯೋವರೆಗೂ ಆ ಎಡತೋಳಿನ ಬಗ್ಗೆ ಬಾಯಿ ಬಿಡಲಿಲ್ಲ. ನಾನು ಕೇಳಲೂ ಇಲ್ಲ. ಕೇಳಬೇಕಿತ್ತು. ಬೈಯೋದಕ್ಕಲ್ಲ. ಅವಳು ಒಂದು ಸಲ ಹೇಳಿಕೊಳ್ಳಲಿ ಅಂತ."

ಅಲ್ಲಿ ಬಚ್ಚಿಡುವಂತೆ ಮಾಡಿದ್ದು ಬಂದೂಕು ಎಂದು ನಾನು ವಾದಿಸಿದೆ. ಔಷಧಿಯೇ ಇಲ್ಲದ ಗುಡಿಸಲಿಗೆ ರೋಗಿಯನ್ನು ಸಾಯಲು ಕಳಿಸುತ್ತಿದ್ದವರು ಅದಕ್ಕೆ ಹೊಣೆ, ನಿಮ್ಮ ತಾಯಿಯಲ್ಲ. ಇಲ್ಲಿ ಔಷಧಿ ಇತ್ತು, ವೈದ್ಯರಿದ್ದರು, ಒಂದೇ ಗಂಟೆಯ ಎಕ್ಸ್-ರೇ ಇತ್ತು. ಇಲ್ಲಿ ಯಾರಿಗೂ ನೆಪವಿಲ್ಲ. ಗ್ರೀತ್ ಆಂಟಿ ನನ್ನ ವಾದವನ್ನು ಪೂರ್ತಿ ಕೇಳಿ, "ಹಾಗಾದರೆ ಹೋಗಿ ಕೇಳು," ಎಂದರು. "ನಾನೂ ಬರ್ತೀನಿ."

ಕ್ಲಿನಿಕ್ಕಿಗೆ ದೂರಿನ ಪತ್ರ ಬರೆದೆ. ಮೂರು ಭೇಟಿಗಳ ವಿವರ, ತೆಗೆಯದ ಎಕ್ಸ್-ರೇ, ನನ್ನ ಕಾದಂಬರಿಯನ್ನೇ ರೋಗವೆಂದು ತೀರ್ಮಾನಿಸಿದ ಮೂರನೆಯ ಸಲದ ವೈದ್ಯ, ಎಲ್ಲವೂ ಅದರಲ್ಲಿದ್ದವು. ಅವ್ವ ಹೇಳಿದ ಸುಳ್ಳು ಇರಲಿಲ್ಲ. ಬರೆದೆ, ಅಳಿಸಿದೆ, ಮತ್ತೆ ಬರೆದೆ, ಮತ್ತೆ ಅಳಿಸಿದೆ. ಅದನ್ನು ಸೇರಿಸಿದರೆ ಅವರು ಅದರ ಹಿಂದೆಯೇ ಅಡಗಿಕೊಳ್ಳುತ್ತಾರೆ. ಬಿಟ್ಟರೆ ನನ್ನ ಪತ್ರವೂ ಒಂದು ಅರಳೆ ಕೆಮ್ಮು. ಬಿಟ್ಟೇ ಕಳಿಸಿದೆ. ಅವ್ವನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡೆ.

ಎರಡು ತಿಂಗಳ ಬಳಿಕ ಸಭೆಗೆ ಕರೆದರು. ಒಬ್ಬಳೇ ಹೋಗಬೇಡವೆಂದು ಅವ್ವ ಹಟ ಹಿಡಿದು ಅಂಗಡಿಗೆ ರಜೆ ಹೇಳಿ ಬಂದಳು. ಗ್ರೀತ್ ಆಂಟಿ ಊರುಗೋಲು ಹಿಡಿದು ಬಂದರು. ಮೇಜಿನ ಆಚೆ ಕ್ಲಿನಿಕ್ಕಿನ ವ್ಯವಸ್ಥಾಪಕ ಮತ್ತು ಆ ಮೊದಲ ವೈದ್ಯೆ ಕುಳಿತಿದ್ದರು.

"ನೀವು ಕುಟುಂಬದವರೇ?" ಎಂದು ವ್ಯವಸ್ಥಾಪಕ ಗ್ರೀತ್ ಆಂಟಿಯನ್ನು ಕೇಳಿದ.

"ಅಲ್ಲ. ಇವಳ ಕೆಮ್ಮನ್ನು ಐದು ತಿಂಗಳು ಕೇಳಿದವಳು," ಎಂದರು ಅವರು. "ನೀವು ಮೂರು ಸಲ ಕೇಳಿದ್ದೀರಂತೆ."

ವ್ಯವಸ್ಥಾಪಕ ಕಾಗದ ತೆರೆದ. ನನಗಾದ ತೊಂದರೆಗೆ ವಿಷಾದವಿದೆ ಎಂದ. ಆದರೆ ದಾಖಲೆಯ ಪ್ರಕಾರ ಎರಡನೆಯ ಭೇಟಿಯಲ್ಲಿ ಕ್ಷಯದ ಬಗ್ಗೆ ಸ್ಪಷ್ಟವಾಗಿ ಕೇಳಲಾಗಿತ್ತು, ಕುಟುಂಬದವರು ಇಲ್ಲವೆಂದಿದ್ದರು. ಆಸ್ಪತ್ರೆಯ ಪತ್ರದಲ್ಲಿ ಬೇರೆಯದೇ ವಿವರವಿದೆ. ಆ ಮಾಹಿತಿ ಅಂದೇ ಸಿಕ್ಕಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತು ಎಂದು ಹೇಳಿ ನಿಲ್ಲಿಸಿದ. ನಾನು ಸಿದ್ಧಮಾಡಿಕೊಂಡು ಹೋಗಿದ್ದ ವಾಕ್ಯಗಳೆಲ್ಲ ಕೈಬಿಟ್ಟವು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

ಅವ್ವ ಎದ್ದು ನಿಂತಳು. ಅವಳ ಇಂಗ್ಲಿಷ್ ಪರದೆ ಅಂಗಡಿಯ ಅಳತೆಗೆ ಸಾಕಾಗುವಷ್ಟು. ಅದರಲ್ಲೇ, ಒಂದೊಂದೇ ಪದವಾಗಿ ಹೇಳಿದಳು:

"ಹೌದು. ನಾನು ಸುಳ್ಳು ಹೇಳಿದೆ. ನನ್ನ ತಂಗಿಗೆ ಟಿ.ಬಿ. ಇತ್ತು. ನನಗೆ ಗೊತ್ತಿತ್ತು. ಹೆದರಿದೆ, ಅದಕ್ಕೆ ಹೇಳಲಿಲ್ಲ. ನನ್ನ ಮಗಳಿಗೆ ನೋವಾಯಿತು, ಈ ಅಜ್ಜಿಗೂ ಆಗಿರಬಹುದು. ಅದು ನನ್ನ ತಪ್ಪು." ಉಸಿರು ತೆಗೆದುಕೊಂಡಳು. "ನನ್ನದು ನಾನು ಹೇಳಿದೆ. ಈಗ ನಿಮ್ಮದು ನೀವು ಹೇಳಿ. ನನ್ನ ಸುಳ್ಳು ಕೇಳಿದ ಮೇಲೂ ಡಾಕ್ಟರ್ ಎಕ್ಸ್-ರೇ ಅಂದರು. ಆ ಎಕ್ಸ್-ರೇ ಎಲ್ಲಿ?"

ಗ್ರೀತ್ ಆಂಟಿ ಅವ್ವನ ಕಡೆ ತಿರುಗಿ ನೋಡಿದರು, ಬಹಳ ಹೊತ್ತು ನೋಡಿದರು. ವ್ಯವಸ್ಥಾಪಕ, ಆ ವಿವರಕ್ಕೆ ಲಿಖಿತವಾಗಿ ಉತ್ತರಿಸುತ್ತೇವೆ ಎನ್ನತೊಡಗಿದ. ವೈದ್ಯೆ ಅವನ ಮಾತಿನ ನಡುವೆಯೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಕ್ಸ್-ರೇ ಮನವಿ ತುಂಬಿದ್ದೆ, ಕಳಿಸಿರಲಿಲ್ಲ," ಎಂದರು. "ಕಳಿಸಿದ್ದೇನೆ ಅಂದುಕೊಂಡೆ. ಆಮೇಲೆ ಯಾರೂ ತೆರೆದು ನೋಡಲಿಲ್ಲ. ನಾನೂ ನೋಡಲಿಲ್ಲ."

ಅವ್ವ ಕುಳಿತಳು. ನನ್ನ ಮುಂದಿದ್ದ ಖಾಲಿ ಹಾಳೆಯನ್ನು ಬೆರಳಿನಿಂದ ತಟ್ಟಿದಳು.

"ಬರಕೋ, ಶಾಹೀನಾ," ಎಂದಳು. "ಎರಡೂ ಬರಕೋ. ಮೊದಲ ನಂದು."